ತಟ್ಟೆ ಬದಲಿಸಿ ನೋಡು

ತರಕಾರಿ ವ್ಯಾಪಾರಿ ತನ್ನ ತಕ್ಕಡಿಯನ್ನು ರಿಪೇರಿಗೆ ತಂದಿಟ್ಟು ಇನ್ನೂ ಸ್ಟೂಲಿನ ಮೇಲೆ ಸರಿಯಾಗಿ ಕೂತಿರಲಿಲ್ಲ, ತಕ್ಕಡಿ ರಿಪೇರಿ ಅಂಗಡಿಯ ಯಜಮಾನರು ಶುರುಮಾಡಿಯೇಬಿಟ್ಟರು.

"ನನ್ನ ಮಗಳು ಬ್ಯಾಂಕಿನವಳು, ಗೊತ್ತಲ್ಲ?"

"ನಿನ್ನೆಯೂ ಹೇಳಿದ್ರಲ್ಲ ಯಜಮಾನ್ರೇ."

"ಇವತ್ತೂ ಬ್ಯಾಂಕಿನವಳೇ ಕಣಯ್ಯಾ. ಅದಕ್ಕೇ ಹೇಳ್ತಿದೀನಿ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬೀದಿಯವರು ನಗುತ್ತಿದ್ದರು. ನಕ್ಕರೆ ನಗಲಿ. ನಲವತ್ತು ವರ್ಷ ಎಣ್ಣೆ, ತುಕ್ಕು, ಅರದ ಪುಡಿಯಲ್ಲಿ ಕೈ ಕಪ್ಪಾಗಿಸಿಕೊಂಡವರ ಮಗಳು ಬಿಳಿ ಅಂಗಿ ತೊಟ್ಟು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಸ್ಸು ಹತ್ತುವುದನ್ನು ಅವರು ದಿನವೂ ಅಂಗಡಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಒಂದು ಗಳಿಗೆ ನಿಂತಿರುತ್ತಿದ್ದರು.

ಮಗಳ ಕೆಲಸ ದೊಡ್ಡ ದಿನಸಿ ಮಳಿಗೆಯೊಂದರ ಬಾಗಿಲ ಬಳಿ. ಅಲ್ಲಿ ಬ್ಯಾಂಕಿನವರು ಹಾಕಿದ್ದ ಮೇಜಿನ ಹಿಂದೆ ನಿಂತು ಬಂದವರಿಗೆ ಕ್ರೆಡಿಟ್ ಕಾರ್ಡ್ ಮಾಡಿಸಿಕೊಡುವುದು. ಆರು ತಿಂಗಳಿಂದ ತಾತ್ಕಾಲಿಕ. ತಿಂಗಳು ಮುಗಿಯಲು ಒಂದೇ ದಿನವಿತ್ತು. ಅಷ್ಟರಲ್ಲಿ ಇನ್ನೆರಡು ಚಿನ್ನದ ಬಣ್ಣದ ಕಾರ್ಡ್ ಹೋದರೆ ಕೆಲಸ ಕಾಯಂ.

"ಎರಡೇ ತಾನೇ? ಒಂದು ನನಗೆ. ಇನ್ನೊಂದು ನಮ್ಮ ಇಸ್ತ್ರಿ ಅಂಗಡಿ ತಂಗಿಗೆ. ನಾಳೆ ಅವಳನ್ನು ನಾನೇ ಕರ್ಕೊಂಡು ಬರ್ತೀನಿ" ಎಂದು ಯಜಮಾನರು ಮಗಳಿಗೆ ಮಾತು ಕೊಟ್ಟಿದ್ದರು. ಪಕ್ಕದ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು ಏನು ಎತ್ತ ಎಂದು ಕೇಳಲಿಲ್ಲ. "ನೀವು ಹೇಳಿದ ಮೇಲೆ ಮುಗೀತಲ್ಲ ಅಣ್ಣಾ" ಎಂದಿದ್ದಳು.

ಮಧ್ಯಾಹ್ನ ಊಟ ಮುಗಿಸಿ ಕೂತಾಗ, ಮಗಳು ಬಿಟ್ಟುಹೋಗಿದ್ದ ಕರಪತ್ರ ಅವರ ಕೈಗೆ ಬಂತು. ಅದರಲ್ಲಿ ಎರಡು ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ್ದರು. ಏನೇ ಕೊಂಡರೂ ಯಾವ ಕಾರ್ಡಿನ ದರವೂ ಬದಲಾಗುವುದಿಲ್ಲ. ಅಕ್ಕಿ ಕೊಂಡರೂ ಅಷ್ಟೇ, ಚಪ್ಪಲಿ ಕೊಂಡರೂ ಅಷ್ಟೇ. ಚಿನ್ನದ ಬಣ್ಣದ್ದು ಖರ್ಚು ಮಾಡಿದ ನೂರಕ್ಕೆ ಎರಡು ರೂಪಾಯಿ ವಾಪಸ್ಸು ಕೊಡುತ್ತದೆ, ನೀಲಿ ಬಣ್ಣದ್ದು ನೂರಕ್ಕೆ ಒಂದೂವರೆ. ಕೆಳಗೆ ಒಂದು ಉದಾಹರಣೆ: ತಿಂಗಳಿಗೆ ಐವತ್ತು ಸಾವಿರ ಖರ್ಚು ಮಾಡುವ ಕುಟುಂಬ. ಅವರಿಗೆ ಚಿನ್ನದ ಬಣ್ಣದ್ದೇ ಲಾಭ ಎಂದು ದಪ್ಪ ಅಕ್ಷರದಲ್ಲಿತ್ತು.

ಯಜಮಾನರು ಕಣ್ಣಿಗೆ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡರು. ಕಾಗದದ ಬುಡದಲ್ಲಿ ಇರುವೆ ಕಾಲಿನಂಥ ಅಕ್ಷರಗಳಿದ್ದವು. ಚಿನ್ನದ ಬಣ್ಣದ ಕಾರ್ಡಿಗೆ ವರ್ಷಕ್ಕೆ ಒಂದು ಸಾವಿರ ಶುಲ್ಕ. ನೀಲಿಗೆ ಶುಲ್ಕವಿಲ್ಲ.

ಇಸ್ತ್ರಿಯಾಕೆಯ ಮನೆಯಲ್ಲಿ ತಿಂಗಳಿಗೆ ಐವತ್ತು ಸಾವಿರ ಯಾರು ಕಂಡಿದ್ದಾರೆ? ಎಂಟು ಸಾವಿರ ಖರ್ಚಾದರೆ ಹೆಚ್ಚು. ಸೀಸದ ಕಡ್ಡಿ ತೆಗೆದು ಲೆಕ್ಕ ಹಾಕಿದರು. ಆ ಖರ್ಚಿಗೆ ಚಿನ್ನದ ಬಣ್ಣದ್ದು ವರ್ಷಕ್ಕೆ ಸಾವಿರದ ಒಂಬೈನೂರ ಇಪ್ಪತ್ತು ಕೊಟ್ಟು ಸಾವಿರ ಕಿತ್ತುಕೊಳ್ಳುತ್ತದೆ. ಉಳಿಯುವುದು ಒಂಬೈನೂರ ಇಪ್ಪತ್ತು. ನೀಲಿ ಬಣ್ಣದ್ದು ಸದ್ದಿಲ್ಲದೆ ಸಾವಿರದ ನಾನೂರ ನಲವತ್ತು ಕೊಡುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ತಾನು ಮಾಡಿದ್ದೂ ಅದನ್ನೇ ಎಂದು ಅವರಿಗೆ ನಾಚಿಕೆಯಾಯಿತು.

ಸಂಜೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಮಗಳು ಬಂದಳು. ಅವರು ಕರಪತ್ರವನ್ನು ಅವಳ ಮುಂದಿಟ್ಟರು.

"ಇದರಲ್ಲಿ ಸುಳ್ಳು ಎಲ್ಲಿದೆ ಹೇಳಪ್ಪಾ" ಎಂದಳು ಮಗಳು. "ಶುಲ್ಕ ಬರೆದಿದೆ. ಲೆಕ್ಕವೂ ಸರಿಯಾಗಿದೆ."

"ಸುಳ್ಳಿಲ್ಲಮ್ಮ. ಆದರೆ ಅಲ್ಲಿ ತೂಗಿರೋದು ಬೇರೆಯವರ ಮನೆ ಸಾಮಾನು."

"ನೀನು ಸುಲಭವಾಗಿ ಹೇಳ್ಬಿಡ್ತೀಯ. ಆರು ತಿಂಗಳು ನಿಂತೂ ನಿಂತೂ ಕಾಲು ಬಾತಿದೆ. ನೀಲಿ ಕಾರ್ಡಿಗೆ ನಮ್ಮ ಲೆಕ್ಕದಲ್ಲಿ ಸೊನ್ನೆ. ಕಾಯಂ ಆದ್ರೆ ನಿನ್ನ ಕಣ್ಣಿನ ಆಪರೇಷನ್ನಿಗೆ ಆಗುತ್ತೆ ಅಂತ ಅಂದ್ಕೊಂಡಿದ್ದೆ. ಅದು ನಿನಗೆ ಬೇಡ್ವಾ?"

ಮಗಳ ಮಾತಿನಲ್ಲಿ ನ್ಯಾಯವಿತ್ತು. ಯಜಮಾನರು ಗೋಡೆಯ ಮೇಲಿನ ತಕ್ಕಡಿಯನ್ನು ಇಳಿಸಿದರು.

"ನೀನು ಹುಟ್ಟಿದ ವರ್ಷ ಒಬ್ಬ ಸಗಟು ವ್ಯಾಪಾರಿ ಬಂದಿದ್ದ. ತಕ್ಕಡಿ ದಂಡದ ಒಂದು ಕೈಯನ್ನ ಕೂದಲೆಳೆಯಷ್ಟು ಉದ್ದ ಮಾಡಿಕೊಡು, ಕೇಳಿದಷ್ಟು ಕೊಡ್ತೀನಿ ಅಂದ. ಅಂಥ ತಕ್ಕಡೀಲಿ ಮುಳ್ಳು ನೆಟ್ಟಗೇ ನಿಂತಿರುತ್ತೆ. ತಟ್ಟೆ ಬದಲಿಸಿದಾಗ ಮಾತ್ರ ಬಣ್ಣ ಬಯಲಾಗೋದು. ಈ ತಟ್ಟೇಲಿರೋ ಸಾಮಾನು ಆ ತಟ್ಟೆಗೆ, ಅಲ್ಲಿನ ತೂಕ ಇಲ್ಲಿಗೆ."

"ನೀನು ಮಾಡಿಕೊಡಲಿಲ್ಲ. ಈ ಕಥೆ ನೂರು ಸಲ ಕೇಳಿದೀನಿ."

"ಮನೇಲಿ ಹಾಲಿಗೆ ದುಡ್ಡಿರಲಿಲ್ಲ ಆಗ. ಅದನ್ನ ನಿನಗೆ ಯಾವತ್ತೂ ಹೇಳಿರಲಿಲ್ಲ."

ಮಗಳು ತಕ್ಕಡಿಯನ್ನು ತಾನೇ ಮತ್ತೆ ಗೋಡೆಗೆ ನೇತುಹಾಕಿದಳು. ಬಾಗಿಲಿಗೆ ಬೀಗ ಹಾಕಿ ಇಬ್ಬರೂ ಮನೆಗೆ ನಡೆದರು.

ಮರುದಿನ ಬೆಳಗ್ಗೆ ಅಂಗಡಿಯಲ್ಲಿ ಐವತ್ತು ಗ್ರಾಮಿನ ಹಿತ್ತಾಳೆಯ ತೂಕದ ಬಟ್ಟು ಕಾಣಲಿಲ್ಲ. ಯಜಮಾನರ ತಂದೆಯ ಕಾಲದ್ದು ಅದು. ಮೇಜಿನ ಕೆಳಗೆಲ್ಲ ತಡಕಾಡಿ, ತಕ್ಕಡಿ ಕೇಳಲು ಬಂದಿದ್ದ ತರಕಾರಿ ವ್ಯಾಪಾರಿಯ ಚೀಲವನ್ನೂ ಅನುಮಾನದಿಂದ ನೋಡಿದರು. ಅಷ್ಟರಲ್ಲಿ ಇಸ್ತ್ರಿಯಾಕೆ ಒಳ್ಳೆಯ ಸೀರೆ ಉಟ್ಟು ಬಂದು ನಿಂತಳು. "ಹೊರಡೋಣ್ವಾ ಅಣ್ಣಾ?"

ದಾರಿಯಲ್ಲಿ ನಾಲ್ಕು ಸಲ ಹೇಳಲು ಬಾಯಿ ತೆರೆದರು. ಹೇಳಿದರೆ ಮಗಳ ಮಾನ ಹೋಗುತ್ತದೆ, ಹೇಳದಿದ್ದರೆ ತಂಗಿಯಂಥವಳಿಗೆ ದ್ರೋಹ. ಕೊನೆಗೆ ಒಂದು ನಿರ್ಧಾರಕ್ಕೆ ಬಂದರು. ಇವಳ ಪೆನ್ನು ಕಾಗದ ಮುಟ್ಟುವವರೆಗೆ ಮಗಳಿಗೆ ಅವಕಾಶ. ಆಮೇಲೆ, ಏನಾದರಾಗಲಿ, ತಾನೇ ಕೈ ಹಿಡಿದು ತಡೆಯುವುದು.

ಮಳಿಗೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಪಕ್ಕದಲ್ಲಿ ಮೇಲ್ವಿಚಾರಕ ಗಡಿಯಾರ ನೋಡುತ್ತಿದ್ದ. "ಬನ್ನಿ ಬನ್ನಿ, ಇಬ್ಬರೂ ಬಂದ್ರಲ್ಲ!" ಎಂದು ಚಿನ್ನದ ಬಣ್ಣದ ಅರ್ಜಿಗಳನ್ನು ಅವನೇ ಮುಂದೆ ಸರಿಸಿದ. ಇಸ್ತ್ರಿಯಾಕೆ ಪೆನ್ನಿಗೆ ಕೈಚಾಚಿದಳು. ಯಜಮಾನರ ಕೈ ತಾನಾಗಿ ಮೇಲೆದ್ದಿತು.

"ಒಂದ್ನಿಮಿಷ ಅತ್ತೆ" ಎಂದಳು ಮಗಳು. "ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತೆ?"

"ಏಳು, ಎಂಟು ಸಾವಿರ. ಯಾಕಮ್ಮಾ?"

ಮಗಳು ಕರಪತ್ರವನ್ನು ಬೋರಲು ಹಾಕಿದಳು. ಖಾಲಿ ಬದಿಯಲ್ಲಿ ಎರಡು ತಟ್ಟೆ ಬರೆದು ಆ ಎಂಟು ಸಾವಿರವನ್ನೇ ಒಮ್ಮೆ ಈ ಕಾರ್ಡಿಗೆ, ಒಮ್ಮೆ ಆ ಕಾರ್ಡಿಗೆ ಹಾಕಿ, ಶುಲ್ಕ ಕಳೆದು ತೋರಿಸಿದಳು. "ನಿಮಗೆ ನೀಲಿದೇ ಸರಿ. ತಿಂಗಳಿಗೆ ಹದಿನೇಳು ಸಾವಿರ ದಾಟಿದ್ರೆ ಮಾತ್ರ ಇನ್ನೊಂದು. ಮತ್ತೆ ಅತ್ತೆ, ಬಿಲ್ಲು ಪೂರ್ತಿ ಕಟ್ಟೋಕಾಗದ ತಿಂಗಳು ಯಾವುದನ್ನೂ ಮುಟ್ಟಬೇಡಿ. ವರ್ಷವೆಲ್ಲ ವಾಪಸ್ಸು ಬಂದದ್ದನ್ನ ಬಡ್ಡಿ ತಿಂದು ತೇಗುತ್ತೆ."

ಮೇಲ್ವಿಚಾರಕ ಅವಳ ಕಡೆ ಬಾಗಿ ದನಿ ತಗ್ಗಿಸಿದ. "ಏನಮ್ಮಾ ಇದು? ಮೇಲಿನವರಿಗೆ ನಾನೇನು ಹೇಳಲಿ? ನಿನ್ನ ಕಾಯಂ ಕಾಗದ ನನ್ನ ಕೈಯಲ್ಲೇ ಇದೆ."

"ಈ ತಿಂಗಳು ಆಗಲಿಲ್ಲ ಅನ್ನಿ ಸಾರ್" ಎಂದಳು. ಚಿನ್ನದ ಬಣ್ಣದ ಅರ್ಜಿಗಳನ್ನು ಅವನತ್ತ ಹಿಂದೆ ಸರಿಸಿ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಿನ್ನ ಖರ್ಚಿಗೆ ಎರಡೂ ಬೇಡ. ಕಾರ್ಡು ಕೊಟ್ರೆ ಎಲ್ಲೋ ಬಿಟ್ಟು ಬರ್ತೀಯ."

ಹಿಂದೆ ಸಾಮಾನಿನ ಗಾಡಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಮುಂದೆ ಬಂದಳು. "ನಮ್ಮನೇದೂ ಹಾಗೇ ಒಂಚೂರು ತೂಗಿ ಹೇಳಮ್ಮಾ. ಹೋದ ವರ್ಷ ಚಿನ್ನದ ಬಣ್ಣದ್ದು ತಗೊಂಡಿದೀನಿ." ಮೇಲ್ವಿಚಾರಕ ಏನೋ ಹೇಳಹೊರಟು, ಆ ಹೆಂಗಸಿನ ಮುಖ ನೋಡಿ ಪಕ್ಕಕ್ಕೆ ಸರಿದ.

ಮಗಳು ಇನ್ನೊಂದು ಹಾಳೆ ತೆಗೆದುಕೊಳ್ಳಲು ಮೇಜಿನ ಮೇಲಿದ್ದ ಭಾರವನ್ನು ಎತ್ತಿದಳು. ಫ್ಯಾನಿನ ಗಾಳಿಗೆ ಹಾಳೆಗಳು ಹಾರದಂತೆ ಅವಳು ಇಟ್ಟುಕೊಂಡಿದ್ದುದು ಐವತ್ತು ಗ್ರಾಮಿನ ಆ ಹಿತ್ತಾಳೆಯ ಬಟ್ಟು. ಹುಣಸೆಹಣ್ಣು ಹಚ್ಚಿ ಉಜ್ಜಿದಂತೆ ಹೊಳೆಯುತ್ತಿತ್ತು. ಹಿಂದಿನ ಸಂಜೆ ಅಂಗಡಿಯಿಂದ ಅದನ್ನು ಎತ್ತಿಕೊಂಡು, ಬೆಳಗ್ಗೆ ಮನೆ ಬಿಡುವ ಮೊದಲೇ ಅವಳು ತೀರ್ಮಾನ ಮಾಡಿದ್ದಳು ಎಂಬುದು ಯಜಮಾನರಿಗೆ ಆಗ ತಿಳಿಯಿತು. ಕಣ್ಣು ಮಂಜಾಯಿತು. ಪೊರೆ ಬಂದ ಕಣ್ಣಲ್ಲವೇ, ಯಾರೂ ಅನುಮಾನ ಪಡಲಿಲ್ಲ.

ಅವರು ಅಂಗಡಿಗೆ ಮರಳಿದಾಗ ತರಕಾರಿ ವ್ಯಾಪಾರಿ ಕಾಯುತ್ತಿದ್ದ. "ಬಟ್ಟು ಸಿಕ್ತಾ ಯಜಮಾನ್ರೇ?"

"ಸಿಕ್ತು. ಇರಬೇಕಾದ ಕಡೆ ಇದೆ."

"ಬ್ಯಾಂಕಿನ ಮಗಳು ಕಾಯಂ ಆದಳಾ?"

ಯಜಮಾನರು ಅವನ ತಕ್ಕಡಿಯನ್ನು ಎತ್ತಿಹಿಡಿದು, ತಟ್ಟೆ ಬದಲಿಸಿ, ಮುಳ್ಳು ನಿಲ್ಲುವವರೆಗೆ ಕಾದರು.

"ಇನ್ನೂ ಇಲ್ಲ" ಎಂದರು ಎದೆಯುಬ್ಬಿಸಿ. "ಆದರೆ ಬ್ಯಾಂಕಿನವಳು ಅನ್ನಬೇಡ. ನನ್ನ ಮಗಳು ತಕ್ಕಡಿಯವಳು ಕಣಯ್ಯಾ."