ಶಿವನಂಜಮ್ಮನ ನಿದ್ದೆ ಮತ್ತು ಎರಡು ವಾಚು

ಪಿರಿಯಾಪಟ್ಟಣದ ಪುಷ್ಪಾ ಓಡಲು ಶುರುಮಾಡಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಅದೂ ಒಂದು ಗೂಳಿಯ ಹಿಂದೆ. ಗಂಡ ಸೋಮಶೇಖರ್ ಜೊತೆ ದಿನಸಿ ಅಂಗಡಿ ನೋಡಿಕೊಳ್ಳುವವಳು ಅವಳು. ಅಂಗಡಿ ಮುಂದೆ ನೇತುಹಾಕಿದ್ದ ಬಾಳೆಗೊನೆಯನ್ನು ಬೀದಿ ಗೂಳಿಯೊಂದು ಕಿತ್ತುಕೊಂಡು ಹೊರಟಿತು. ಪುಷ್ಪಾ ಸೀರೆ ಎತ್ತಿ ಕಟ್ಟಿ ಬೆನ್ನಟ್ಟಿದಳು. ಗೊನೆ ಸಿಗಲಿಲ್ಲ. ಆದರೆ ಬೀದಿಯ ತುದಿಯಲ್ಲಿ ಏದುಸಿರು ಬಿಡುತ್ತ ನಿಂತಾಗ ಅವಳಿಗೆ ಯಾಕೋ ನಗು ಬಂತು, ಸಿಟ್ಟೇ ಬರಲಿಲ್ಲ. ಇಷ್ಟು ಹಗುರಾಗಿ ಯಾವ ಕಾಲವಾಗಿತ್ತೋ ಎನ್ನಿಸಿತು. ಎದುರಿನಿಂದ ಬರುತ್ತಿದ್ದ ಹೈಸ್ಕೂಲಿನ ಪಿ.ಟಿ. ಟೀಚರ್ ಹೇಮಶ್ರೀ ಇದನ್ನೆಲ್ಲ ನೋಡಿದಳು.

"ಅಕ್ಕ, ಗೂಳಿಗೇ ದಿಗಿಲು ಹುಟ್ಟಿಸಿದ್ರಲ್ಲ! ನಾಳೆ ಬೆಳಿಗ್ಗೆ ನನ್ ಜೊತೆ ಬನ್ನಿ."

ಪುಷ್ಪಾ ಹೋದಳು. ಮೂರು ತಿಂಗಳಲ್ಲಿ ಐದು ಕಿಲೋಮೀಟರ್ ನಿಲ್ಲದೆ ಓಡುವಷ್ಟಾದಳು. ಹುಣಸೂರಿನಲ್ಲಿ ಹತ್ತು ಕಿಲೋಮೀಟರ್ ಓಟದ ಸ್ಪರ್ಧೆ ಇದೆಯೆಂದು ಗೊತ್ತಾದಾಗ ಹೇಮಶ್ರೀಯೇ ಇಬ್ಬರ ಹೆಸರನ್ನೂ ಬರೆಸಿದಳು. ಜೊತೆಗೆ ಒಂದು ಮಾತು ಹೇಳಿದಳು.

"ಇನ್ನು ಅಂದಾಜಲ್ಲಿ ಓಡಿದ್ರೆ ಆಗಲ್ಲ ಕಣಕ್ಕ. ಒಂದು ವಾಚು ತಗೊಳ್ಳಿ. ಎಷ್ಟು ಓಡಿದ್ರಿ, ಎಷ್ಟು ಮಲಗಿದ್ರಿ, ಸುಸ್ತು ಎಷ್ಟು ಇಳೀತು, ಮೂರನ್ನೂ ಹೇಳೋ ಅಂಥದ್ದು. ಬಣ್ಣ ನೋಡಿ ಮರುಳಾಗ್ಬೇಡಿ. ದೂರ ಸರಿಯಾಗಿ ಅಳೀತದಾ, ಬಿಸಿಲಲ್ಲಿ ಅಕ್ಷರ ಕಾಣ್ತದಾ, ಚಾರ್ಜು ವಾರ ಬತ್ತದಾ, ಅಷ್ಟು ನೋಡಿ."

ಹುಣಸೂರಿನಲ್ಲಿ ಸೋಮಶೇಖರನ ದೂರದ ನೆಂಟ ಗುರುಸ್ವಾಮಿಯ ಮೊಬೈಲ್ ಅಂಗಡಿಯಿತ್ತು. ಅವನು ಎರಡು ವಾಚು ತೆಗೆದಿಟ್ಟ. ಒಂದು ತೆಳ್ಳಗೆ, ಗುಲಾಬಿ ಪಟ್ಟಿ, ಕನ್ನಡಿಯಂತೆ ಹೊಳೆಯುವ ಪರದೆ. ಇನ್ನೊಂದು ಕಪ್ಪಗೆ, ದಪ್ಪಗೆ, ಸುತ್ತ ಐದು ಗುಂಡಿ, ಟ್ರ್ಯಾಕ್ಟರಿನ ಬಿಡಿಭಾಗದ ಹಾಗಿತ್ತು.

"ಯಾವುದು ಒಳ್ಳೇದು ಗುರುಸ್ವಾಮಿ?"

"ನಿಜ ಹೇಳ್ಬೇಕು ಅಂದ್ರೆ ನಂಗೂ ಗೊತ್ತಿಲ್ಲಕ್ಕ. ನಾನು ಓಡಿದ್ರೆ ತಾನೆ? ಎರಡೂ ಡೆಮೊ ಪೀಸು. ಒಂದು ವಾರ ಇಟ್ಕೊಂಡು ನೀವೇ ನೋಡ್ಬುಡಿ, ಆಮೇಲೆ ನಂಗೂ ಹೇಳಿ."

ಮಾರನೆಯ ಬೆಳಿಗ್ಗೆ ಪುಷ್ಪಾ ಎರಡು ಕೈಗೂ ಒಂದೊಂದು ಕಟ್ಟಿಕೊಂಡು ಬೆಟ್ಟದಪುರದ ರಸ್ತೆಯಲ್ಲಿ ಓಡಿದಳು. ಹೊಗೆಸೊಪ್ಪಿನ ಹೊಲಗಳ ಮಗ್ಗುಲಲ್ಲಿ ಕಿಲೋಮೀಟರ್ ಕಲ್ಲುಗಳು ಸಾಲಾಗಿದ್ದವು. ಒಂದರಿಂದ ಹೊರಟು ಐದು ಕಲ್ಲು ದಾಟಿ ನಿಂತಳು. ಕಪ್ಪು ವಾಚು ಐದು ಕಿಲೋಮೀಟರ್, ಮೇಲೆ ಇಪ್ಪತ್ತು ಮೀಟರ್ ಎಂದಿತು. ಗುಲಾಬಿಯದು ಐದೂಮುಕ್ಕಾಲು! ಒಂದು ಕ್ಷಣ ಪುಷ್ಪಾಗೆ ಗುಲಾಬಿಯ ಮೇಲೆ ಪ್ರೀತಿ ಉಕ್ಕಿತು. ಮುಕ್ಕಾಲು ಕಿಲೋಮೀಟರ್ ಪುಕ್ಕಟೆ ಕೊಡುವವರು ಯಾರಿದ್ದಾರೆ? ಆದರೆ ತಕ್ಕಡಿ ಹಿಡಿದು ಬಾಳಿದವಳು ಅವಳು. ಕಲ್ಲು ಸುಳ್ಳು ಹೇಳುವುದಿಲ್ಲ ಎಂದು ಒಳಗೇ ಅಂದುಕೊಂಡು, ಗುಲಾಬಿಗೆ ಒಂದು ಮಾರ್ಕು ಕಡಿಮೆ ಮಾಡಿದಳು.

ಉಳಿದದ್ದು ನಿದ್ದೆಯ ಪರೀಕ್ಷೆ. ಎರಡನ್ನೂ ಕಟ್ಟಿಕೊಂಡು ಮಲಗಿದರೆ ಮಗ್ಗುಲು ಬದಲಿಸಲಾಗದೆ ಒದ್ದಾಡಿದಳು. ಬೆಳಿಗ್ಗೆ ಒಲೆ ಮುಂದೆ ಯೋಚಿಸುತ್ತ ಕೂತಾಗ ಅತ್ತೆ ಶಿವನಂಜಮ್ಮ ಎಂದಿನಂತೆ ಸೊಂಟ ಹಿಡಿದುಕೊಂಡು ಬಂದರು. ಅವರಿಗೆ ಎಪ್ಪತ್ತೊಂದು ವರ್ಷ.

"ನಿನ್ನೇನೂವೆ ರೆಪ್ಪೆಗೆ ರೆಪ್ಪೆ ಅಂಟ್ಲಿಲ್ಲ ಕಣಮ್ಮಿ. ನಿದ್ದೆ ಅನ್ನೋದು ನನ್ನ ಬಿಟ್ಟೋಗಿ ಇಪ್ಪತ್ತು ವರ್ಸ ಆಯ್ತು."

ಪುಷ್ಪಾಗೆ ತಟ್ಟನೆ ಹೊಳೆಯಿತು. ಒಂದು ಚೂರೂ ನಿದ್ದೆ ಮಾಡದವರು ಮನೆಯಲ್ಲೇ ಇರುವಾಗ ಇದಕ್ಕಿಂತ ಸಲೀಸಾದ ಪರೀಕ್ಷೆ ಬೇಕೆ? ಯಾವ ವಾಚು ಸೊನ್ನೆ ತೋರಿಸುತ್ತದೋ ಅದು ಸತ್ಯವಂತ.

"ಅತ್ತೆ, ಈವತ್ತು ಮಲಗುವಾಗ ಈ ಗುಲಾಬೀದು ಕಟ್ಕೊಳ್ಳಿ."

"ನಂಗ್ಯಾಕೆ? ಬಳೆ ಸಾಲ್ದಾ?" ಎಂದರೂ ಬಣ್ಣ ಅವರಿಗೆ ಹಿಡಿಸಿತ್ತು.

ಮರುದಿನ ಬೆಳಿಗ್ಗೆ ಪುಷ್ಪಾ ಫೋನು ತೆಗೆದು ನೋಡಿದಳು. ಏಳು ಗಂಟೆ ಐವತ್ತು ನಿಮಿಷ. ಅದರಲ್ಲಿ ಎರಡು ಗಂಟೆ ಗಾಢ ನಿದ್ದೆ. ನೂರಕ್ಕೆ ತೊಂಬತ್ತೊಂದು ಅಂಕ, ಮೇಲೊಂದು ಪುಟ್ಟ ಕಿರೀಟದ ಚಿತ್ರ.

"ಥೂ, ಸುಳ್ಳುಬುರುಕ ವಾಚು!" ಎಂದರು ಶಿವನಂಜಮ್ಮ. "ನಾನು ಕಣ್ ಬುಟ್ಕಂಡು ಜಂತೆ ಎಣಿಸ್ತಿದ್ದೆ ಕಣೆ!"

"ಅದಕ್ಕೇ ಅತ್ತೆ, ಇದನ್ನ ವಾಪಸ್ ಕೊಟ್ಬುಡೋಣ. ಕರೀದು ಏನನ್ನುತ್ತೋ ನೋಡುವ."

ಅದಕ್ಕೂ ಮರುದಿನ ಕಪ್ಪು ವಾಚು ತೀರ್ಪು ಕೊಟ್ಟಿತು: ಎಂಟು ಗಂಟೆ ಐದು ನಿಮಿಷ.

ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೋಮಶೇಖರ್ ಕೆಮ್ಮಿದ. "ಅವ್ವ, ಬೇಜಾರ್ ಮಾಡ್ಕೋಬೇಡ. ನೀನು ಗೊರಕೆ ಹೊಡೆಯೋ ಸದ್ದಿಗೆ ನಾನು ಎಷ್ಟು ಸಲ ಎದ್ದಿದ್ದೀನಿ ಗೊತ್ತಾ?"

"ಇಷ್ಟು ವರ್ಸ ಯಾಕ್ಲಾ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ದಾ?"

ಶಿವನಂಜಮ್ಮ ಸೊಸೆಯ ಮುಖ ನೋಡಿದರು, ಮಗನ ಮುಖ ನೋಡಿದರು, ಕೈಯಲ್ಲಿದ್ದ ಕಪ್ಪು ವಾಚನ್ನು ನೋಡಿದರು. ಬೈಗುಳ ಬರುತ್ತದೆಂದು ಪುಷ್ಪಾ ಕಾದಳು. ಬಂದದ್ದು ನಗು. ಮೊದಲು ಮೂಗಿನಲ್ಲಿ ಸಣ್ಣಗೆ ಶುರುವಾಗಿ, ಭುಜ ಕುಲುಕಿ, ಕೊನೆಗೆ ಗೋಡೆಗೆ ಒರಗಿ ಕಣ್ಣೀರು ಒರೆಸಿಕೊಳ್ಳುವವರೆಗೆ ಹೋಯಿತು. "ಇಪ್ಪತ್ತು ವರ್ಸದಿಂದ ಗಡದ್ದಾಗಿ ನಿದ್ದೆ ಹೊಡ್ಕಂಡು, ಬೆಳಗೆದ್ದು ಊರಿಗೆಲ್ಲ ಗೋಳು ಹೇಳ್ತಿದ್ನಾ! ಆ ಪಕ್ಕದ್ಮನೆ ಸಾಕಮ್ಮ ಪಾಪ, ನನ್ನ ನಿದ್ದೆಗೆ ಅಂತ ಯಾವುದೋ ಬೇರು ತಂದ್ಕೊಟ್ಟಿದ್ಲು ಕಣೆ!" ಪುಷ್ಪಾಗೂ ತಡೆಯಲಾಗಲಿಲ್ಲ. ಅತ್ತೆ ಸೊಸೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರೆ ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಯಾರೂ ಏಳಲಿಲ್ಲ.

ನಗು ಇಳಿದ ಮೇಲೆ ಶಿವನಂಜಮ್ಮ ಕೇಳಿದರು, "ಅದ್ಸರಿ, ನಿಂದೆಷ್ಟು?"

ಪುಷ್ಪಾ ಅದನ್ನು ನೋಡಿರಲೇ ಇಲ್ಲ. ಓಡಿದ್ದಷ್ಟನ್ನೇ ನೋಡುತ್ತಿದ್ದಳು. ಆ ವಾರ ತಾನು ವಾಚು ಕಟ್ಟಿಕೊಂಡು ಮಲಗಿದ ರಾತ್ರಿಗಳ ಲೆಕ್ಕವನ್ನು ಫೋನಿನಲ್ಲಿ ತೆಗೆದಳು. ನಾಲ್ಕು ಗಂಟೆ ನಲವತ್ತು ನಿಮಿಷ. ನಾಲ್ಕು ಐವತ್ತು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ರಿಕವರಿ, ಅಂದರೆ ಸುಸ್ತು ಇಳಿದದ್ದು, ನೂರಕ್ಕೆ ಇಪ್ಪತ್ತೊಂಬತ್ತು, ಇಂದು ವಿಶ್ರಾಂತಿ ತೆಗೆದುಕೊಳ್ಳಿ ಎಂದಿತ್ತು. ನಾಲ್ಕಕ್ಕೆ ಎದ್ದು ತಿಂಡಿ ಮಾಡಿಟ್ಟು ಓಡಿ, ಬಂದು ಅಂಗಡಿ ತೆಗೆಯುವವಳಿಗೆ ಇನ್ನೆಷ್ಟು ಬರಬೇಕು? ಎರಡು ವಾರದಿಂದ ಕಾಲು ಯಾಕೆ ಕಬ್ಬಿಣದಂತೆ ಭಾರವಾಗಿದೆ ಎಂಬುದು ಈಗ ತಿಳಿಯಿತು. ವಯಸ್ಸಾಯಿತೇನೋ ಎಂದು ಒಬ್ಬಳೇ ಅಂಜಿದ್ದಳು.

ಶಿವನಂಜಮ್ಮ ಎದ್ದು ಸೆರಗು ಸಿಕ್ಕಿಸಿದರು. ಸೊಂಟ ಹಿಡಿಯುವುದನ್ನು ಮರೆತಿದ್ದರು.

"ನಾಳೆಯಿಂದ ಬೆಳಗಿನ ರೊಟ್ಟಿ ನಂದು. ಎಂಟು ಗಂಟೆ ಮಲಗೋ ಹೆಂಗಸು ನಾನು, ನಂಗೇನು ಬಂದದೆ ಧಾಡಿ? ನೀನು ಆರು ಗಂಟೆಗಂಟ ಎದ್ದೀಯ ಜೋಕೆ. ಲೋ ಸೋಮು, ಅಂಗಡಿ ಬಾಗಿಲು ನೀನು ತೆಗಿ."

ಸೋಮಶೇಖರ್ ಲೋಟ ಕೆಳಗಿಟ್ಟು ಅಂಗಡಿಯ ಬೀಗದ ಕೈ ಹುಡುಕಲು ಹೋದ.

ಹುಣಸೂರಿಗೆ ಹೋಗಿ ಗುಲಾಬಿ ವಾಚನ್ನು ಹಿಂದಿರುಗಿಸಿ ಪುಷ್ಪಾ ಕಪ್ಪನ್ನೇ ತೆಗೆದುಕೊಂಡಳು. ಎರಡೂ ನಿದ್ದೆಯನ್ನು ಸರಿಯಾಗಿ ಹೇಳುತ್ತವೆ, ಆದರೆ ಗುಲಾಬಿಗೆ ದಿನಾ ಚಾರ್ಜು ಬೇಕು, ಬಿಸಿಲಲ್ಲಿ ಅಕ್ಷರ ಕಾಣದು, ದೂರ ಹೆಚ್ಚಿಗೆ ಹೇಳುತ್ತದೆ ಎಂದು ಅವಳು ಗುರುಸ್ವಾಮಿಗೆ ವಿವರಿಸಿದಳು. ಅವನು ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು, ಅವಳೆದುರೇ ಮುಂದಿನ ಗಿರಾಕಿಗೆ ತಾನೇ ಕಂಡುಹಿಡಿದವನಂತೆ ಹೇಳಿದ.

ಮೂರು ವಾರ ಪುಷ್ಪಾ ಮನಸಾರೆ ಮಲಗಿದಳು. ಕೆಂಪು ಹಳದಿಯಾಯಿತು, ಹಳದಿ ಹಸಿರಾಯಿತು. ಹಸಿರಾದ ಬೆಳಿಗ್ಗೆ ಬೆಟ್ಟದಪುರದ ರಸ್ತೆಯಲ್ಲಿ ಓಡುವಾಗ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎನ್ನುವಂತಿತ್ತು. "ಅಕ್ಕ, ಸ್ವಲ್ಪ ನಿಧಾನ!" ಎಂದು ಹೇಮಶ್ರೀ ಹಿಂದಿನಿಂದ ಕೂಗಿದ್ದು ಅದೇ ಮೊದಲು.

ಸ್ಪರ್ಧೆಯ ದಿನ ಹುಣಸೂರಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಶಿವನಂಜಮ್ಮ ಇಳಕಲ್ ಸೀರೆ ಉಟ್ಟು ಕೊನೆಯ ಗೆರೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹೇಮಶ್ರೀ ಮುಂದಿನವರ ಜೊತೆಗೇ ಓಡಿ ಬಂದು ಗೆರೆ ದಾಟಿದಳು. ಓಟ ಶುರುವಾಗಿ ಒಂದು ಗಂಟೆ ನಾಲ್ಕು ನಿಮಿಷಕ್ಕೆ ಪುಷ್ಪಾ ತಿರುವಿನಲ್ಲಿ ಕಾಣಿಸಿಕೊಂಡಳು. "ಬಾರೆ ನನ್ ಬಂಗಾರಿ!" ಎಂದು ಅತ್ತೆ ಕುರ್ಚಿಯ ಮೇಲೆ ಹತ್ತಿ ನಿಂತರು. ಸೋಮಶೇಖರ್ ಕುರ್ಚಿ ಹಿಡಿದ. ಪುಷ್ಪಾ ಗೆರೆ ದಾಟಿದವಳೇ ನೇರ ಅತ್ತೆಯ ತೋಳಿಗೆ ಬಂದು ಬಿದ್ದಳು. ನಲವತ್ತು ದಾಟಿದ ಹೆಂಗಸರಲ್ಲಿ ಮೂರನೆಯವಳು ಎಂದು ಮೈಕಿನಲ್ಲಿ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಹೇಮಶ್ರೀ ಎರಡು ಸಲ ಹೇಳಬೇಕಾಯಿತು.

ಆಮೇಲೆ ಪದಕ, ಫೋಟೋ, ಹೋಟೆಲಿನಲ್ಲಿ ತಟ್ಟೆ ಇಡ್ಲಿ, ಇನ್ನೊಂದು ತಟ್ಟೆ ಇಡ್ಲಿ. ಪಿರಿಯಾಪಟ್ಟಣದ ಬಸ್ಸು ಹತ್ತಿ ಕೂತಾಗ ಪುಷ್ಪಾಗೆ ಹಿತವಾದ ಜೊಂಪು. ಆಗ ಕೈಯಲ್ಲಿ ವಾಚು ಗುಂಯ್ಗುಟ್ಟಿತು. ನೋಡಿದರೆ, ಗೆರೆ ದಾಟಿದಾಗ ನಿಲ್ಲಿಸುವ ಗುಂಡಿ ಒತ್ತುವುದನ್ನೇ ಮರೆತಿದ್ದಾಳೆ! ವಾಚಿನ ಲೆಕ್ಕದಲ್ಲಿ ಅವಳು ಇನ್ನೂ ಓಡುತ್ತಲೇ ಇದ್ದಳು. ಹೋಟೆಲಿನೊಳಗೆ ಓಡಿ, ಹೊರಗೆ ಓಡಿ, ಈಗ ಕಿಲೋಮೀಟರಿಗೆ ಒಂದೇ ನಿಮಿಷದಂತೆ ಹೆದ್ದಾರಿಯಲ್ಲಿ ಧಾವಿಸುತ್ತಿದ್ದಳು. ಅಭಿನಂದನೆಗಳು, ಹೊಸ ದಾಖಲೆ ಎಂದು ಪರದೆಯ ತುಂಬ ಪಟಾಕಿ ಸಿಡಿಯುತ್ತಿತ್ತು.

ಪುಷ್ಪಾ ಬಿದ್ದು ಬಿದ್ದು ನಗುತ್ತ ಗುಂಡಿಗೆ ಬೆರಳು ತಂದಳು. ಶಿವನಂಜಮ್ಮ ಆ ಕೈಯನ್ನು ಹಿಡಿದು ನಿಲ್ಲಿಸಿದರು. ಸೀಟಿನಿಂದ ಅರ್ಧ ಎದ್ದು, ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು:

"ಡ್ರೈವರಣ್ಣೋ, ಇನ್ನೊಸಿ ಜೋರಾಗಿ ಓಡ್ಸಪ್ಪ! ನನ್ ಸೊಸೆ ದಾಖಲೆ ಮಾಡ್ತಾವ್ಳೆ!"