ಕಲಿಸಿಕೊಟ್ಟವರು

“ಬಿ.ಎ.,” ಎಂದುಬಿಟ್ಟ ಮೆಹಬೂಬ್.

ಪಕ್ಕದಲ್ಲೇ ಮಗಳು ಜೇಬಾ ನಿಂತಿದ್ದಳು. ಅವಳ ಕೈಯ ಫೈಲಿನಲ್ಲಿ ಸಿಇಟಿ ರ‍್ಯಾಂಕಿನ ಹಾಳೆಯಿತ್ತು. ಕಂಪ್ಯೂಟರ್ ಸೈನ್ಸ್ ಇರುವ ಹದಿನೇಳು ಕಾಲೇಜುಗಳನ್ನು ಅವಳೇ ಒಂದರ ಕೆಳಗೊಂದು ಬರೆದುಕೊಂಡಿದ್ದ ಇನ್ನೊಂದು ಹಾಳೆಯಿತ್ತು. ಬೇಕಾದ ಕಾಲೇಜು ತುಂಬುವ ಆಪ್ಷನ್ ಎಂಟ್ರಿಗೆ ಇವತ್ತೇ ಕೊನೆ. ಸಂಜೆ ಐದೂವರೆಗೆ ಮುಚ್ಚುತ್ತದೆ.

ಮಗಳು ಏನು ಓದುತ್ತಾಳೆಂದು ಕೇಳಿದವಳು ರಾಮಮ್ಮ. ಆನೇಮಹಲಿನ ಬಸ್ ಸ್ಟಾಪಿನಲ್ಲಿ ಕೂತಿದ್ದವಳು ಇವನನ್ನು ಕಂಡದ್ದೇ ಎದ್ದು ನಿಂತಿದ್ದಳು. ಕ್ಯೂರಿಂಗ್ ವರ್ಕ್ಸಿನಲ್ಲಿ ಅವಳು ಕಾಫಿ ಬೀಜ ಆರಿಸುತ್ತಿದ್ದ ಹತ್ತೊಂಬತ್ತು ವರ್ಷವೂ, ಸೂಪರ್‌ವೈಸರ್ ಮೆಹಬೂಬ್ ಬಂದಾಗಲೆಲ್ಲ ಹಾಗೇ ಎದ್ದು ನಿಲ್ಲುತ್ತಿದ್ದಳು. ಈಗ ಅವಳಿಗೆ ಕೆಲಸವಿಲ್ಲ. ಈಗ ಅವಳು ಏಳಬೇಕಾಗಿರಲಿಲ್ಲ. ಎದ್ದಳಲ್ಲ, ಅದೇ ಅವನನ್ನು ಹೆದರಿಸಿತು.

“ಬಿಯೇನಾ?” ರಾಮಮ್ಮ ಮುಖ ಕಿವುಚಿದಳು. “ಅಯ್ಯೋ ಸಾಬ್ರೇ, ಇಷ್ಟು ಚುರುಕಾಗವ್ಳೆ, ಕಂಪ್ಯೂಟ್ರಿಗೆ ಹಾಕದಲ್ವಾ? ಆ ಮಿಷಿನ್ ಹುಡ್ಗಿ ಎಂಗಿತ್ತು! ಮೂರೇ ದಿನಕ್ಕೆ ನನ್ ಇದ್ಯೆನೆಲ್ಲ ಕಲ್ತ್ಕಂಬುಡ್ತು.”

“ಹ್ಞೂಂ.”

“ನಾನೇ ಕಣ್ರೀ ಕಲ್ಸಿದ್ದು,” ಎಂದು ಪಕ್ಕದಲ್ಲಿದ್ದ ಯಾರಿಗೋ ಹೇಳಿದಳು. ಆತ ತಲೆಯಾಡಿಸಿದ.

“ಬಸ್ ಬಂತು,” ಎಂದ ಮೆಹಬೂಬ್. ಬಂದಿರಲಿಲ್ಲ.

ಜನವರಿಯಲ್ಲಿ ವರ್ಕ್ಸಿಗೆ ಬೀಜ ಆರಿಸುವ, ಕ್ಯಾಮೆರಾ ಇರುವ ಮಿಷನ್ನು ಬಂದಿತ್ತು. ಅದರ ಜೊತೆ ಲ್ಯಾಪ್‌ಟಾಪ್ ಹಿಡಿದು ಇಪ್ಪತ್ತಮೂರರ ಹುಡುಗಿಯೊಬ್ಬಳು ಬಂದಿದ್ದಳು. ಬೀಜ ಗೊತ್ತಿರುವವರ ಜೊತೆ ಕೂರಿಸಿ ಎಂದರು ಮ್ಯಾನೇಜರ್. ಅವಳನ್ನು ರಾಮಮ್ಮನ ಬಳಿಗೆ ಕರೆದೊಯ್ದವನು ಮೆಹಬೂಬನೇ. ಮಗಳು ಅಂದ್ಕೊಂಡು ಹೇಳ್ಕೊಡು, ಎಂದಿದ್ದ.

ರಾಮಮ್ಮ ಹಾಗೆಯೇ ಹೇಳಿಕೊಟ್ಟಳು. ಇದು ಕರಿಬೀಜ. ಇದು ಹುಳ ಕೊರೆದದ್ದು. ಇದು ನೋಡಕ್ಕೆ ಚೆಂದ, ಒಟ್ಟೆ ನೋಡವ್ವ, ಒಟ್ಟೆ ಬಿಳ್ಚಿಕೊಂಡೈತೆ. ಹುಡುಗಿ ಒಂದೊಂದನ್ನೂ ಕ್ಯಾಮೆರಾದ ಕೆಳಗಿಟ್ಟಳು. ಮಧ್ಯಾಹ್ನ ರಾಮಮ್ಮನ ಬುತ್ತಿಯ ರೊಟ್ಟಿ ಮುರಿದುಕೊಂಡು ತಿಂದಳು. ಅಪ್ಪನಿಗೆ ಊಟದ ಡಬ್ಬಿ ತಂದಿದ್ದ ಜೇಬಾ ಆ ಹುಡುಗಿಯ ಬೆನ್ನ ಹಿಂದೆ ಒಂದು ಗಂಟೆ ಅಲುಗದೆ ನಿಂತಿದ್ದಳು. ಅವತ್ತು ಸಂಜೆಯೇ ಮನೆಯಲ್ಲಿ, ನಾನು ಓದಿದರೆ ಇದನ್ನೇ, ಎಂದಳು.

ನಾಲ್ಕನೆಯ ದಿನ ಮಿಷನ್ನಿಗೆ ಎಲ್ಲ ಅರ್ಥವಾಯಿತು. ತಿಂಗಳೊಳಗೆ ನಲವತ್ತು ಹೆಂಗಸರು ಮನೆಗೆ ಹೋದರು. ಅವರ ಹೆಸರುಗಳು ಸರಿಯಾಗಿ ಗೊತ್ತಿದ್ದದ್ದು ಮೆಹಬೂಬನಿಗೆ. ಬಿ.ಎಸ್ಸಿ. ಓದಿದವನು, ಅಕ್ಷರ ದುಂಡಗೆ. ತೆಗೆಯಬೇಕಾದವರ ಪಟ್ಟಿ ಬರೆದುಕೊಟ್ಟ.

ರಾಮಮ್ಮನಿಗೆ ಅದೆಲ್ಲ ಇನ್ನೂ ಹೊಳೆದಿಲ್ಲ. ಅಥವಾ ಹೊಳೆದಿದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಅವನಿಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಜೇಬಾ ಕೇಳಿದಳು: “ಬಿ.ಎ. ಅಂದ್ರಲ್ಲ, ಅಬ್ಬಾ?”

“ಹಂಗೆ ಬಾಯಿಗ್ ಬಂತು.”

“ನಂಗೆ ನಾಚ್ಕೆ ಆಯ್ತು.”

“ಯಾರ್ ಮುಂದೆ?”

ಅವಳು ಕಿಟಕಿಯ ಕಡೆ ತಿರುಗಿದಳು.

ಸಕಲೇಶಪುರದಲ್ಲಿ ಫಾಜಿಲನ ಕಂಪ್ಯೂಟರ್ ಸೆಂಟರು. ದೂರದ ನೆಂಟ. “ಬನ್ನಿ ಮಾವ,” ಎಂದು ಕುರ್ಚಿ ಎಳೆದ. “ಊರಿನ ಮಕ್ಕಳಿಗೆಲ್ಲ ಕಂಪ್ಯೂಟ್ರೇ ಬೇಕು. ಕಂಪ್ಯೂಟ್ರ್ ರಿಪೇರಿ ಮಾಡೋನಿಗೆ ಮಾತ್ರ ಯಾರೂ ಹೆಣ್ಣು ಕೊಡಲ್ಲ.”

ಜೇಬಾ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದನ್ನು ಮೆಹಬೂಬ್ ನೋಡಿದ. ಅವಳು ಕಾಲೇಜುಗಳ ಕೋಡ್ ಹೇಳುತ್ತ ಹೋದಳು, ಫಾಜಿಲ್ ಒತ್ತುತ್ತ ಹೋದ. ಫೈಲಿನಲ್ಲಿ ಮೂರನೆಯ ಹಾಳೆಯೂ ಇತ್ತು. ನಾಲ್ಕು ವರ್ಷದಲ್ಲಿ ಯಾವಾಗ ಏನು ಕಲಿಯಬೇಕೆಂಬುದನ್ನು ಹಸಿರು ಇಂಕಿನಲ್ಲಿ ಬರೆದಿದ್ದಳು.

“ಮೂರನೇ ವರ್ಷ ಇದೇನಮ್ಮ?”

“ಮಿಷನ್ನಿಗೆ ನೋಡೋದು ಕಲ್ಸೋದು, ಅಬ್ಬಾ.”

ಫೋನು ಬಡಿದುಕೊಂಡಿತು. ವರ್ಕ್ಸಿನ ಮ್ಯಾನೇಜರ್ ಶಾಂತಮಲ್ಲಪ್ಪ.

“ಮೆಹಬೂಬ್, ಸೋಮವಾರ ಆ ಹುಡುಗಿ ಮತ್ತೆ ಬರ್ತಾಳೆ. ಈ ಸಲ ನಿಮ್ಮ ಗ್ರೇಡಿಂಗ್ ಕೆಲ್ಸಕ್ಕೆ. ನೀವು ಬೀಜ ಹೆಂಗೆ ನೋಡ್ತೀರ, ಹೆಂಗೆ ಮೂಸ್ತೀರ, ಎಲ್ಲ ಹೇಳ್ಕೊಡಿ. ಮೂರು ದಿನ ಸಾಕಂತೆ.”

“ಮೂರು ದಿನ ಸಾಕಾ ಸಾರ್?”

“ನೀವು ಓದಿದೋರು. ಎರಡೇ ಸಾಕಾಗ್ಬೋದು,” ಎಂದು ಶಾಂತಮಲ್ಲಪ್ಪ ಪ್ರೀತಿಯಿಂದಲೇ ನಕ್ಕರು.

“ಏನಂತೆ ಅಬ್ಬಾ?”

“ಏನಿಲ್ಲ. ಆ ಹುಡುಗಿ ಬರ್ತಾಳಂತೆ.”

ಜೇಬಾಳ ಮುಖ ಅರಳಿತು. “ಹೌದಾ! ನಾನೂ ಬರ್ಲಾ? ನೋಡ್ತಾ ಕೂತಿರ್ತೀನಿ, ಮಾತಾಡಲ್ಲ.”

ಅವನು ಆ ಮುಖವನ್ನೇ ನೋಡಿದ. ಅದರಲ್ಲಿ ಕೆಟ್ಟದ್ದು ಒಂದು ಚೂರೂ ಇರಲಿಲ್ಲ. ರೊಟ್ಟಿ ಮುರಿದು ತಿಂದವಳ ಮುಖದಲ್ಲೂ ಇರಲಿಲ್ಲ. ಬೇಡ ಎನ್ನಬೇಕು. ಹದಿನೇಳನ್ನೂ ಅಳಿಸು ಎನ್ನಬೇಕು. ಅಳಿಸಿ ಏನು ಓದು ಎನ್ನಬೇಕು? ಅವನ ಬಳಿ ಇದ್ದದ್ದು ಬಸ್ ಸ್ಟಾಪಿನಲ್ಲಿ ಬಾಯಿಗೆ ಬಂದ ಎರಡು ಅಕ್ಷರ ಮಾತ್ರ.

“ಮಾವ, ನಿಮ್ ಫೋನಿಗೆ ಒಟಿಪಿ ಬಂತು ನೋಡಿ. ಹೇಳಿದ್ರೆ ಮುಗೀತು.”

ಹೇಳಿದ. ಆರು ಅಂಕೆ. ಪರದೆಯ ಮೇಲೆ ಕೆಂಪಕ್ಷರ ಮೂಡಿತು. ತಪ್ಪು.

ಇನ್ನೊಂದು ಬಂತು. ಕನ್ನಡಕ ಒರೆಸಿಕೊಂಡು, ಕಂಡದ್ದನ್ನೇ ಓದಿದ. ಹಾಗೆಂದೇ ಅಂದುಕೊಂಡ. ಮತ್ತೆ ಕೆಂಪು.

“ಇನ್ನೊಂದೇ ಸಲ ಮಾವ, ಆಮೇಲೆ ಇವತ್ತಿಗೆ ಬ್ಲಾಕ್ ಆಗ್ಬುಡ್ತದೆ.” ಫಾಜಿಲನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. “ಐದೂ ಇಪ್ಪತ್ತಾಯ್ತು.”

ಮೂರನೆಯದು ಬಂತು. ಅಂಗೈಯಲ್ಲಿ ಫೋನು ಒಮ್ಮೆ ನಡುಗಿತು.

“ಕೊಡಿ ಅಬ್ಬಾ, ನಾನೇ ನೋಡ್ತೀನಿ.”

ಕೊಡಬೇಕೆಂದೇ ಅವನು ಕೈ ಚಾಚಿದ. ಕೈ ಮುಂದೆ ಹೋಯಿತು, ಬೆರಳು ಬಿಚ್ಚಲಿಲ್ಲ. ಬಿಚ್ಚು ಎಂದುಕೊಂಡ. ಅವು ಇನ್ನೂ ಬಿಗಿದವು. ಅಷ್ಟು ದೂರದಲ್ಲಿ, ತೋಳಿನ ಕೊನೆಯಲ್ಲಿ, ಬೇರೆ ಯಾರದೋ ಮುಷ್ಟಿಯೊಂದು ಬೆಳ್ಳಗೆ ಗಟ್ಟಿಯಾಗುತ್ತಿತ್ತು.

“ಅಬ್ಬಾ?”

ಜೇಬಾ ಫೈಲನ್ನು ಕೆಳಗಿಟ್ಟಳು. ಎರಡೂ ಕೈಯಲ್ಲಿ ಆ ಮುಷ್ಟಿಯನ್ನು ಹಿಡಿದು ಬಿಡಿಸತೊಡಗಿದಳು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ಹೆಣದ ಕೈಯಿಂದ ಗಡಿಯಾರ ಬಿಚ್ಚಿಕೊಳ್ಳುವವರ ಹಾಗೆ, ಮೆತ್ತಗೆ, ಎಲ್ಲೂ ನೋಯದ ಹಾಗೆ.