ಅಂಟಿಸಿದ ಎರಡು ಪುಟ

ನಾನು ಒಂದು ರಿಜಿಸ್ಟರ್ ಪುಸ್ತಕ. ಇನ್ನೂರು ಪುಟ, ಗಟ್ಟಿ ರಟ್ಟು, ಕೆಂಪು ಬಟ್ಟೆಯ ಬೆನ್ನು. ಚಿತ್ರದುರ್ಗದ ಒಂದು ಬೈಂಡಿಂಗ್ ಅಂಗಡಿಯಲ್ಲಿ ನನ್ನನ್ನು ಹೊಲಿದರು. ಹೊಲಿದ ಮುದುಕನ ಬಾಯಲ್ಲಿ ಸದಾ ಎಲೆಅಡಿಕೆ. ಅವನ ಬಾಯಿಂದ ಸಿಡಿದ ಒಂದು ಕೆಂಪು ಚುಕ್ಕೆ ನನ್ನ ಮೊದಲ ಪುಟದಲ್ಲಿ ಇವತ್ತಿಗೂ ಇದೆ. ಅದನ್ನು ಹುಟ್ಟುಮಚ್ಚೆ ಅಂತ ಇಟ್ಟುಕೊಂಡಿದ್ದೇನೆ. ನನ್ನ ಜೊತೆ ಹುಟ್ಟಿದವರೆಲ್ಲ ಹಾಜರಿ ಪುಸ್ತಕಗಳಾಗಿ ಕಚೇರಿ ಸೇರಿದರು. ನನ್ನ ಹಣೆಬರಹ ಬೇರೆ ಇತ್ತು.

ಸಾವಿರದ ಒಂಬೈನೂರ ಎಂಬತ್ತೈದರ ಬೇಸಿಗೆಯಲ್ಲಿ ಬಿ.ಎಸ್ಸಿ ಕೊನೆ ಪರೀಕ್ಷೆ ಬರೆದು ಹೊರಬಂದ ಐದು ಜನ ನನ್ನನ್ನು ಕೊಂಡರು. ದಾಕ್ಷಾಯಿಣಿ, ನಾಗವೇಣಿ, ಓಬಳೇಶ, ಶಿವಲೀಲಾ, ತಿಪ್ಪೇಸ್ವಾಮಿ. ಇದು ಅವರ ರೋಲ್ ನಂಬರಿನ ಸಾಲು. ಇನ್ನು ಮುಂದೆ ನಾನು ಅದೇ ಸಾಲಿನಲ್ಲಿ ಅಂಚೆಯಲ್ಲಿ ಸುತ್ತಬೇಕು ಅಂತ ತೀರ್ಮಾನ ಆಯಿತು. ಒಬ್ಬೊಬ್ಬರ ಮನೆಯಲ್ಲಿ ಒಂದು ವಾರ. ಕೆಲಸ ಸಿಕ್ಕಿದ್ದು, ಮದುವೆ ಆದದ್ದು, ಮಗು ಹುಟ್ಟಿದ್ದು, ಏನಿದ್ದರೂ ಬರೆದು ಮುಂದಿನವರಿಗೆ ಕಳಿಸಬೇಕು. ತಿಪ್ಪೇಸ್ವಾಮಿ ಆದ ಮೇಲೆ ಮತ್ತೆ ದಾಕ್ಷಾಯಿಣಿ.

ಮೊದಲ ಸುತ್ತಿನಲ್ಲೇ ತಿಪ್ಪೇಸ್ವಾಮಿ ಒಂದು ಕವನ ಬರೆದ. ಬರೆದು ಅವನಿಗೇ ನಾಚಿಕೆಯಾಗಿ, ಮೈದಾ ಗೋಂದು ಹಚ್ಚಿ ಆ ಪುಟವನ್ನು ಎದುರಿನ ಪುಟಕ್ಕೆ ಅಂಟಿಸಿಬಿಟ್ಟ. ಶಿವಲೀಲಾ ಬಿಡಿಸಿ ಓದಿ ನಕ್ಕಿದ್ದಕ್ಕೆ ದೊಡ್ಡ ರಂಪವಾಯಿತು. ಆಮೇಲೆ ದಾಕ್ಷಾಯಿಣಿ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹೊಸ ನಿಯಮ ಬರೆದಳು: ಬರೆದವರು ಅಂಟಿಸಿದ ಹಾಳೆಯನ್ನು ಬೇರೆ ಯಾರೂ ಬಿಡಿಸಬಾರದು. ಐವರೂ ಅದರ ಕೆಳಗೆ ಸಹಿ ಹಾಕಿದರು. ಆ ನಿಯಮವನ್ನು ಅವರು ಒಂದು ದಿನವೂ ಮುರಿಯಲಿಲ್ಲ. ಮುರಿದಿದ್ದರೆ ಎಷ್ಟು ಚೆನ್ನಾಗಿತ್ತು.

ನಾಗವೇಣಿಯ ಹಿಂದಿನ ನಂಬರು ದಾಕ್ಷಾಯಿಣಿ, ಮುಂದಿನದು ಓಬಳೇಶ. ಮೂರು ವರ್ಷ ಪರೀಕ್ಷೆಯಲ್ಲಿ ಓಬಳೇಶ ಅವಳ ಜಡೆ ನೋಡಿಕೊಂಡೇ ಉತ್ತರ ಬರೆದವನು. ಮನಸ್ಸಿನಲ್ಲಿದ್ದುದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಆದರೆ ನಾನು ನಾಗವೇಣಿಯ ಮನೆಗೆ ಹೋದಾಗಲೆಲ್ಲ ಅವಳು ಮೊದಲು ತೆಗೆಯುತ್ತಿದ್ದುದು ಓಬಳೇಶನ ಪುಟ. ಅವನ ಮನೆಯಲ್ಲೂ ಅಷ್ಟೇ, ಮೊದಲು ನಾಗವೇಣಿಯ ಪುಟ. ಎರಡೂ ಕೈಯ ಬಿಸಿ ನನಗೆ ಗೊತ್ತಿತ್ತು, ಹೇಳೋಕೆ ಬಾಯಿ ಇರಲಿಲ್ಲ.

ಅವಳ ಮನೆಗೆ ಕಾಗದ ಬರೆಯುವ ಹಾಗಿರಲಿಲ್ಲ. ಹಿರಿಯೂರಿನ ಆ ಮನೆಯಲ್ಲಿ ಬಂದ ಕಾಗದವನ್ನೆಲ್ಲ ಅಣ್ಣ ರಂಗಪ್ಪ ಒಡೆದು ಓದುತ್ತಿದ್ದ. ನನ್ನನ್ನೂ ಒಂದು ಸಲ ತಿರುವಿ ಹಾಕಿ, "ಬರೀ ಕ್ಷೇಮಸಮಾಚಾರ" ಅಂತ ಪಕ್ಕಕ್ಕೆ ಎಸೆದ. ಸುತ್ತಿದ ಕಾಗದದ ಮೇಲಿನ ವಿಳಾಸ ದಾಕ್ಷಾಯಿಣಿಯ ದುಂಡನೆಯ ಹೆಣ್ಣಕ್ಷರದಲ್ಲಿ ಇದ್ದುದರಿಂದ ಆಮೇಲೆ ಮುಟ್ಟಲಿಲ್ಲ. ಆ ಮನೆಯೊಳಗೆ ಹೋಗೋಕೆ ಓಬಳೇಶನ ಮಾತಿಗೆ ಇದ್ದದ್ದು ನನ್ನ ದಾರಿ ಒಂದೇ.

ಎಂಬತ್ತೇಳರ ಸಂಕ್ರಾಂತಿ ಕಳೆದ ಮೇಲೆ ನಾನು ಯಾದಗಿರಿಯಲ್ಲಿದ್ದೆ. ಓಬಳೇಶ ಅಲ್ಲಿ ಸರ್ವೇಯರ್. ಒಂದು ಭಾನುವಾರ ಬೆಳಿಗ್ಗೆ ಕೂತು ನನ್ನ ಎದುರುಬದುರು ಎರಡು ಪುಟ ತುಂಬ ಬರೆದ. ಊರ ಸುದ್ದಿ, ಕೆಲಸದ ಸುದ್ದಿ ಎಲ್ಲ ಆದ ಮೇಲೆ ಕೊನೆಗೆ ಹೀಗೆ ಬರೆದ:

"ಮನೆಯಲ್ಲಿ ನನಗೆ ಹೆಣ್ಣು ನೋಡಿದ್ದಾರೆ. ಯುಗಾದಿ ಆದ ಹತ್ತನೇ ದಿನಕ್ಕೆ ಲಗ್ನ ಅಂತಿದ್ದಾರೆ. ನಾನಿನ್ನೂ ಹೂಂ ಅಂದಿಲ್ಲ. ನಾಗವೇಣಿ, ನಿನಗೆ ಒಪ್ಪಿಗೆ ಇದ್ದರೆ ಇದರ ಕೆಳಗೆ ಒಂದು ಪದ ಬರಿ. ಪುಸ್ತಕ ಕೈಗೆ ಸಿಕ್ಕ ದಿನವೇ ಹೊರಟು ಬಂದು ನಿಮ್ಮಣ್ಣನ ಹತ್ತಿರ ಮಾತಾಡ್ತೀನಿ. ಅಲ್ಲಿವರೆಗೂ ಇವರನ್ನು ತಡೀತೀನಿ. ಏನೂ ಬರೆಯದಿದ್ದರೆ ಬೇಜಾರಿಲ್ಲ, ನನಗೆ ಅರ್ಥ ಆಗುತ್ತೆ. ಉಳಿದವರು ದಯವಿಟ್ಟು ಪುಸ್ತಕ ಬೇಗ ಕಳಿಸಿ."

ಬರೆದು ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟ. ಒಂದು ಪದಕ್ಕೆ ನಾಲ್ಕು ಗೆರೆ. ಅವನ ಆಸೆ ಎಷ್ಟಿತ್ತು ಅಂತ ನನಗೆ ಅಲ್ಲೇ ತಿಳಿಯಿತು.

ಶಿವಲೀಲಾ ಹೊಸಪೇಟೆಯಲ್ಲಿದ್ದಳು. ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದು ಅವರಿಬ್ಬರ ವಿಷಯ, ನಡುವೆ ನಾನ್ಯಾಕೆ ಅಂತ ತನ್ನ ಮಗುವಿನ ನಾಮಕರಣದ ಸುದ್ದಿ ಮಾತ್ರ ಬರೆದು ನಾಲ್ಕೇ ದಿನದಲ್ಲಿ ಕಳಿಸಿದಳು. ನಾನು ಚಳ್ಳಕೆರೆಗೆ, ತಿಪ್ಪೇಸ್ವಾಮಿಯ ಮನೆಗೆ ಬಂದೆ. ಅಲ್ಲಿ ನನ್ನ ಗ್ರಹಚಾರ ಕೆಟ್ಟಿತು. ತಿಪ್ಪೇಸ್ವಾಮಿ ಸಹಕಾರ ಬ್ಯಾಂಕಿನ ತರಬೇತಿಗೆ ಅಂತ ಊರು ಬಿಟ್ಟಿದ್ದ. ಅವನ ತಾಯಿಗೆ ಓದು ಬಾರದು. ಗಟ್ಟಿ ರಟ್ಟು ನೋಡಿ ನನ್ನನ್ನು ಮಜ್ಜಿಗೆ ಗಡಿಗೆಗೆ ಮುಚ್ಚಳ ಮಾಡಿದಳು. ಎರಡು ತಿಂಗಳ ಮೇಲಾಯಿತು, ನಾನು ಗಡಿಗೆ ಮೇಲೆ ಮಲಗಿದ್ದೆ. ಯುಗಾದಿಯ ಹೋಳಿಗೆ ವಾಸನೆ ಮೂಗಿಗೆ ಬಡಿದಾಗ ನನ್ನ ಜೀವ ಹಾರಿಹೋಯಿತು. ತಿಪ್ಪೇಸ್ವಾಮಿ ಬಂದವನು ಓದಿ, ತಲೆ ಚಚ್ಚಿಕೊಂಡು, ಚಪ್ಪಲಿ ಕೂಡ ಮೆಟ್ಟದೆ ಅಂಚೆ ಕಚೇರಿಗೆ ಓಡಿದ.

ನಾನು ದಾವಣಗೆರೆಯಲ್ಲಿ ದಾಕ್ಷಾಯಿಣಿಯ ಕೈ ಸೇರಿದಾಗ ಯುಗಾದಿ ಕಳೆದು ಹನ್ನೆರಡು ದಿನವಾಗಿತ್ತು. ಅವಳು ಕ್ಯಾಲೆಂಡರ್ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕ್ಯಾಲೆಂಡರ್ ನೋಡಿದಳು. ಮದುವೆ ಆಗಿಹೋಗಿದೆ. ನಾಗವೇಣಿಗೆ ಮುಂದಿನ ವಾರವೇ ಹೈಸ್ಕೂಲ್ ಮೇಷ್ಟರ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಅದೊಂದು ಕೆಲಸ ಸಿಕ್ಕರೆ ಅಣ್ಣನ ಮನೆಯ ಊಳಿಗ ತಪ್ಪುತ್ತೆ.

"ಈಗ ಇದನ್ನ ಓದಿ ಏನು ಮಾಡ್ತಾಳೆ, ಪಾಪ," ಅಂತ ತನ್ನಷ್ಟಕ್ಕೆ ಅಂದಳು. "ಇಂಟರ್‌ವ್ಯೂ ಒಂದು ಮುಗೀಲಿ. ನಾನೇ ಹೋಗಿ ಹೇಳ್ತೀನಿ."

ಒಲೆ ಮೇಲೆ ಮೈದಾ ಕುದಿಸಿ, ಬೆರಳಲ್ಲಿ ತೆಳ್ಳಗೆ ಬಳಿದು, ಆ ಎರಡು ಪುಟವನ್ನು ಒಂದಕ್ಕೊಂದು ಅಂಟಿಸಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದು ಒಂದು ಎಳ್ಳಷ್ಟೂ ಇರಲಿಲ್ಲ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೂ ಆ ಗೋಂದು ಒಣಗಿದ ದಿನದಿಂದ ನನಗೆ ನೆಟ್ಟಗೆ ಉಸಿರಾಡೋಕೆ ಆಗಿಲ್ಲ.

ನಾಗವೇಣಿ ಎಂದಿನ ಹಾಗೆ ಓಬಳೇಶನ ಪುಟ ಹುಡುಕಿದಳು. ಅಂಟಿಸಿದ್ದು ಕಂಡಿತು. "ಇವನೂ ಕವನ ಬರೆಯೋಕೆ ಹೋದನಾ," ಅಂತ ನಕ್ಕಳು. ಕಿಟಕಿ ಬೆಳಕಿಗೆ ಹಿಡಿದು ನೋಡಿದಳು, ಅಕ್ಷರದ ಮೇಲೆ ಅಕ್ಷರ ಕೂತು ಏನೂ ತಿಳಿಯಲಿಲ್ಲ. ಅಂಚಿನಲ್ಲಿ ಉಗುರು ಒಂದು ಸಲ ಆಡಿಸಿದಳು. ಬಿಡಿಸೇ ತಾಯಿ, ನಿನ್ನ ದಮ್ಮಯ್ಯ ಅಂತೀನಿ ಅಂತ ನಾನು ಒಳಗೊಳಗೇ ಒದ್ದಾಡಿದೆ. ಅವಳಿಗೆ ನಿಯಮ ನೆನಪಾಯಿತು, ಉಗುರು ತೆಗೆದಳು. ಇಂಟರ್‌ವ್ಯೂ ಚೆನ್ನಾಗಿ ಆಯಿತು ಅಂತ ಬರೆದು ನನ್ನನ್ನು ಯಾದಗಿರಿಗೆ ಕಳಿಸಿದಳು.

ಓಬಳೇಶ ಪುಸ್ತಕಕ್ಕೆ ಕಾದಿದ್ದ. ಮನೆಯವರು ಇನ್ನು ಕಾಯೋದಿಲ್ಲ ಅಂದ ಮೇಲೆ ತಾಳಿ ಕಟ್ಟಿದ್ದ. ನಾನು ಬಂದಾಗ ಹೊಸ ಹೆಂಡತಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅವನು ನಾಲ್ಕು ಗೆರೆ ಹುಡುಕಿದ, ಗೋಂದು ಸಿಕ್ಕಿತು. ನಾಗವೇಣಿ ಓದಿ, ಬೇರೆ ಯಾರಿಗೂ ಕಾಣದ ಹಾಗೆ ತಾನೇ ಅಂಟಿಸಿದ್ದಾಳೆ, ಅದೇ ಅವಳ ಉತ್ತರ ಅಂದುಕೊಂಡ; ನಿಯಮ ಇತ್ತು, ಬಿಡಿಸಲಿಲ್ಲ. ನನ್ನ ಮೇಲೆ ಒಂದು ಸಲ ಅಂಗೈ ಆಡಿಸಿದ. ಆಮೇಲೆ ಮುಂದಿನ ಪುಟದಲ್ಲಿ ಬರೆದ: "ಮದುವೆ ಆಯಿತು. ಹೆಂಡತಿ ಹೆಸರು ಪಾರ್ವತಮ್ಮ. ಎಲ್ಲರೂ ಕ್ಷೇಮ."

ಮುಂದಿನ ಸುತ್ತಿನಲ್ಲಿ ನಾಗವೇಣಿ ಅದನ್ನು ಓದಿದಳು. ಒಂದು ಮಾತು ಹೇಳದೆ ಆಗಿಬಿಟ್ಟನಲ್ಲ ಅನ್ನುವ ನೋವು ಅವಳ ಮುಖದಲ್ಲಿ ಕಂಡಿತು. ಕೆಲಸ ಸಿಕ್ಕಿತ್ತು, ಅದನ್ನು ಬರೆಯಬೇಕಿತ್ತು. ಬರೆದಳು. ಕೆಳಗೆ "ಓಬಳೇಶನಿಗೆ ಶುಭಾಶಯ" ಅಂತಲೂ ಸೇರಿಸಿದಳು.

ದಾಕ್ಷಾಯಿಣಿ ಹೇಳಲಿಲ್ಲ. ಇಂಟರ್‌ವ್ಯೂ ಮುಗಿದ ಮೇಲೆ ಕೆಲಸ ಬರಲಿ ಅಂದುಕೊಂಡಳು. ಕೆಲಸ ಬಂದ ಮೇಲೆ, ಅವಳು ಯಾವುದಾದರೂ ಗಂಡನ್ನು ಒಪ್ಪಲಿ, ಸುಮ್ಮನೆ ಯಾಕೆ ಹಳೇದು ಕೆದಕೋದು ಅಂದುಕೊಂಡಳು. ನಾಗವೇಣಿ ಬಂದ ಗಂಡುಗಳನ್ನೆಲ್ಲ ಬೇಡ ಅಂದಳು. ಅಲ್ಲಿಂದ ಮುಂದೆ ಹೇಳೋದು ಇನ್ನೂ ಕಷ್ಟವಾಯಿತು. ಶಿವಲೀಲಾ, ತಿಪ್ಪೇಸ್ವಾಮಿ ಗೋಂದು ನೋಡಿ, ಅವರವರೇ ಇತ್ಯರ್ಥ ಮಾಡಿಕೊಂಡಿದ್ದಾರೆ ಅಂತ ಬಾಯಿ ಮುಚ್ಚಿಕೊಂಡರು. ಎಲ್ಲರೂ ಒಳ್ಳೆಯವರೇ, ಅದೇ ನನ್ನ ಸಂಕಟ.

ನಾನು ಸುತ್ತುತ್ತಲೇ ಇದ್ದೆ. ಶಿವಲೀಲಾಳ ಮಗ ಡಾಕ್ಟರಾದ. ತಿಪ್ಪೇಸ್ವಾಮಿ ಮ್ಯಾನೇಜರ್ ಆದ, ಹೊಟ್ಟೆ ಬಂತು ಅಂತ ಅವನೇ ಬರೆದುಕೊಂಡ. ಓಬಳೇಶನ ಎರಡನೇ ಮಗಳಿಗೆ ಮದುವೆಯಾಯಿತು. ನಾಗವೇಣಿ ಹೆಡ್‌ಮಿಸ್ ಆದಳು, ಬೇರೆ ಮನೆ ಮಾಡಿದಳು. ಪ್ರತಿ ಸುತ್ತಿನಲ್ಲೂ ಅವಳದು ಒಂದೇ ಸಾಲು: "ಶಾಲೆ ನಡೀತಾ ಇದೆ. ಬೇರೆ ವಿಶೇಷ ಇಲ್ಲ."

ಆಮೇಲೆ ಎಲ್ಲರ ಕೈಗೂ ಫೋನ್ ಬಂತು, ಐವರ ಗ್ರೂಪ್ ಆಯಿತು. ಸುದ್ದಿ ಕ್ಷಣದಲ್ಲಿ ಮುಟ್ಟುವಾಗ ನನ್ನನ್ನು ಯಾರು ಕೇಳುತ್ತಾರೆ? ಆಗ ನಾನು ನಾಗವೇಣಿಯ ಸರದಿಯಲ್ಲಿದ್ದೆ. ಅವಳ ಬೀರುವಿನಲ್ಲಿ ಸೀರೆಗಳ ಕೆಳಗೆ, ನುಸಿಗುಳಿಗೆ ವಾಸನೆಯಲ್ಲಿ ಉಳಿದುಕೊಂಡೆ.

ಹೋದ ವರ್ಷ ಆ ಗ್ರೂಪಿನಲ್ಲಿ ಓಬಳೇಶ ತೀರಿಕೊಂಡ ಸುದ್ದಿ ಬಂತು. ಹೃದಯಾಘಾತ. ಐದನೇ ದಿನಕ್ಕೆ ದಾಕ್ಷಾಯಿಣಿ ಬಸ್ಸು ಹತ್ತಿ ಹಿರಿಯೂರಿಗೆ ಬಂದಳು. ಕೂತವಳು ನೀರು ಕೂಡ ಮುಟ್ಟಲಿಲ್ಲ.

"ನಾಗೂ, ಆ ಪುಸ್ತಕ ಇದೆಯೇನೇ? ಅದರಲ್ಲಿ ಓಬಳೇಶನ ಪುಟ ಅಂಟಿಸಿದ್ದು ಅವನಲ್ಲ ಕಣೇ. ನಾನು."

ನಾಗವೇಣಿ ನನ್ನನ್ನು ತಂದಳು. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಆ ಹಬೆಗೆ ಹಿಡಿದಳು. ಮೂವತ್ತೇಳು ವರ್ಷದ ಗೋಂದು ಮೆತ್ತಗಾಗಿ ಬಿಟ್ಟುಕೊಂಡಿತು. ಅವಳು ನಿಂತೇ ಓದಿದಳು. ಎರಡು ಸಲ ಓದಿದಳು.

"ನನ್ನನ್ನ ಬಯ್ಯೇ," ಅಂದಳು ದಾಕ್ಷಾಯಿಣಿ. "ಸುಮ್ನೆ ನಿಲ್ಲಬೇಡ, ಬಯ್ಯೇ."

"ಬಯ್ದರೆ ನಿನಗೆ ಹಗುರ ಆಗುತ್ತೆ. ನನಗೇನಾಗುತ್ತೆ?" ಅಂದಳು ನಾಗವೇಣಿ. ಪುಟದ ಅಂಚಿನ ಗೋಂದನ್ನು ಬೆರಳಲ್ಲಿ ಒರೆಸುತ್ತ ಕೇಳಿದಳು, "ಅವನು ಇದನ್ನ ನಾನೇ ಅಂಟಿಸಿದ್ದು ಅಂದ್ಕೊಂಡಿರ್ತಾನೆ, ಅಲ್ವಾ?"

ದಾಕ್ಷಾಯಿಣಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾಗವೇಣಿ ಒಳಗೆ ಹೋಗಿ ಅವಳಿಗೆ ಕಾಫಿ ಮಾಡಿಕೊಟ್ಟು, ಸಂಜೆ ಬಸ್ಸಿಗೆ ಹತ್ತಿಸಿ ಬಂದಳು.

ಬಂದು ನನ್ನ ಮುಂದೆ ಕೂತಳು. ನಾಲ್ಕು ಗೆರೆ ಖಾಲಿ ಇತ್ತಲ್ಲ, ಅದರಲ್ಲಿ ಮೊದಲನೆಯದರ ಮೇಲೆ "ಒಪ್ಪಿಗೆ" ಅಂತ ಬರೆದಳು. ಕೆಳಗೆ ಹೆಸರು, ರೋಲ್ ನಂಬರು. ಶಾಯಿ ಒಣಗಲಿ ಅಂತ ಊದಿದಳು, ಆ ಉಸಿರು ಬಿಸಿಯಾಗಿತ್ತು. ಆಮೇಲೆ ಹಳೇ ಅಭ್ಯಾಸದಂತೆ ಖಾಕಿ ಕಾಗದ ಸುತ್ತಿ, ದಾರ ಕಟ್ಟಿ, ಮುಂದಿನ ಸರದಿಯವನ ವಿಳಾಸ ಬರೆದಳು: ಓಬಳೇಶ, ಸರ್ವೇಯರ್, ಯಾದಗಿರಿ.

ಮಾರನೇ ದಿನ ನನ್ನನ್ನು ಚೀಲಕ್ಕೆ ಹಾಕಿಕೊಂಡು ಅಂಚೆ ಕಚೇರಿಯ ತನಕ ಹೋದಳು. ಮೆಟ್ಟಿಲ ಹತ್ತಿರ ನಿಂತಳು. ಆ ಮನೆಯಲ್ಲಿ ಈಗ ಪಾರ್ವತಮ್ಮ ಒಬ್ಬಳು ಕೂತಿದ್ದಾಳೆ ಅನ್ನುವುದು ಅವಳಿಗೆ ಹೊಳೆದಿರಬೇಕು. ವಾಪಸ್ ಬಂದು ನನ್ನನ್ನು ಮತ್ತೆ ಸೀರೆಗಳ ಕೆಳಗೆ ಇಟ್ಟಳು. ಕಾಗದ ಬಿಚ್ಚಲಿಲ್ಲ.

ಈಗ ನಾನು ಧಾರಾಳವಾಗಿ ಉಸಿರಾಡುತ್ತೇನೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲಿ ಅಂತಲೇ ನನ್ನನ್ನು ಕೊಂಡರು. ಎಷ್ಟೋ ಬೇಡದ ಸುದ್ದಿಗಳನ್ನೆಲ್ಲ ಸರಿಯಾಗಿ ಮುಟ್ಟಿಸಿದೆ. ಬೇಕಾದ ಒಂದು ಪದ ಈಗ ನನ್ನೊಳಗಿದೆ, ಮೇಲೆ ವಿಳಾಸವೂ ಇದೆ. ಇಸಕೊಳ್ಳುವವನು ಇಲ್ಲ.